ಹನ್ನೆರಡು ಬೆರಳು

ಬೆಳಿಗ್ಗೆ ಎಂಟಕ್ಕೆ ಬೀಗ ತೆಗೆಯುವವನು ನಾನು.
ಫಾರ್ಮಲಿನ್ ಮೊದಲು ಕಣ್ಣಿಗೆ ತಾಗುತ್ತದೆ, ಆಮೇಲೆ ಮೂಗಿಗೆ.
ಇಪ್ಪತ್ತಾರು ವರ್ಷದಿಂದ ಹೆಂಡತಿ
ನನ್ನ ಅಂಗಿಯನ್ನು ಬೇರೆ ಬಕೆಟ್ಟಿನಲ್ಲೇ ನೆನೆಸುತ್ತಾಳೆ.

ಹನ್ನೊಂದು ಕಲ್ಲಿನ ಮೇಜು. ಸುತ್ತ
ಮಡಿಕೆ ಮುರಿಯದ ಕೋಟಿನ ಮಕ್ಕಳು. ಮೊದಲ ದಿನ
ಇಬ್ಬರಾದರೂ ಬೇವಿನ ಬುಡದಲ್ಲಿ ವಾಂತಿ ಮಾಡುತ್ತಾರೆ.
ನೀರು ಕೊಡುತ್ತೇನೆ, ಏನೂ ಹೇಳುವುದಿಲ್ಲ.

ನಳಿನಾಕ್ಷಿ ಮೇಡಂ ಅವತ್ತು ಚಾಕು ಮುಟ್ಟಗೊಡುವುದಿಲ್ಲ.
ಎರಡು ಸಾವಿರದ ಮುನ್ನೂರು ವರ್ಷದ ಕೆಳಗೆ, ಎನ್ನುತ್ತಾರೆ,
ಸಮುದ್ರದ ದಂಡೆಯ ಅಲೆಕ್ಸಾಂಡ್ರಿಯಾದಲ್ಲಿ
ಗ್ರೀಕ್ ಮಾತಾಡುವ ಒಬ್ಬ ವೈದ್ಯ
ರಾಜರ ಆಸರೆಯಲ್ಲಿ ಮನುಷ್ಯರ ಹೆಣ ಕೊಯ್ದ.
ಅಲ್ಲಿವರೆಗೆ ಅವರಿಗೆ ಗೊತ್ತಿದ್ದದ್ದು
ಬಲಿಯ ಕುರಿ, ಯುದ್ಧದ ಗಾಯ, ಮಿಕ್ಕಿದ್ದು ಊಹೆ.
ಒಳಗೆ ನೋಡಿದರೆ ಎಷ್ಟೋ ಭಾಗಕ್ಕೆ ಹೆಸರೇ ಇಲ್ಲ.
ಹೆಸರಿಲ್ಲದ್ದನ್ನು ಇನ್ನೊಬ್ಬರಿಗೆ ಹೇಳುವುದು ಹೇಗೆ?
ಮನೆಯ ಸಾಮಾನು ತಂದಿಟ್ಟ:
ಹೆಡತಲೆಯೊಳಗೆ ನೆತ್ತರು ಕೂಡುವಲ್ಲಿ
ದ್ರಾಕ್ಷಿ ಹಿಂಡುವ ತೊಟ್ಟಿ,
ಕಣ್ಣಿನ ಹಿಂದಣ ಪೊರೆಗೆ ಮೀನಿನ ಬಲೆ,
ಮಿದುಳಿನ ತಳದ ಒಂದು ಗೀರಿಗೆ
ತಾನು ಬರೆಯುವ ಜೊಂಡಿನ ಲೇಖನಿ.
ಜಠರ ಮುಗಿದು ಕರುಳು ಶುರುವಾಗುವಲ್ಲಿ
ಏನೂ ಹೊಳೆಯಲಿಲ್ಲವೋ ಏನೋ,
ಬೆರಳಿಟ್ಟು ಅಳೆದ. ಹನ್ನೆರಡು ಬೆರಳಗಲ.
ಅದೇ ಹೆಸರಾಯಿತು.

ಬಾಗಿಲ ಬಳಿ ನಿಂತು ಇಪ್ಪತ್ತಾರು ಸಲ ಕೇಳಿದ್ದೇನೆ.
ಆ ಪುಣ್ಯಾತ್ಮ ದಾವಣಗೆರೆಯಲ್ಲಿ ಹುಟ್ಟಿದ್ದರೆ?
ತೊಟ್ಟಿಯ ಬದಲು ಎಣ್ಣೆ ಗಾಣ ಎನ್ನುತ್ತಿದ್ದ.
ಪುಪ್ಪುಸಕ್ಕೆ, ಒತ್ತಿದರೆ ಚುರುಚುರು ಎನ್ನುವ ಮಂಡಕ್ಕಿ ಚೀಲ.
ತೋಳಿನ ನರಗಳ ಸಿಕ್ಕು ನೋಡಿ
ಶಿಫ್ಟ್ ಮುಗಿಯುವ ಹೊತ್ತಿನ ನೂಲು ಎನ್ನುತ್ತಿದ್ದ,
ನಮ್ಮಪ್ಪನ ಹಾಗೆ ಮಿಲ್ಲಿಗೆ ಹೋದವನಾಗಿದ್ದರೆ.

ಪ್ರತಿ ವರ್ಷ ಒಬ್ಬ ಕೇಳುತ್ತಾನೆ:
ಜೈಲಿನ ಕೈದಿಗಳನ್ನು ಜೀವಂತ ಕೊಯ್ದರಂತೆ, ಹೌದಾ ಮೇಡಂ?
ಹಾಗಂತ ಆಮೇಲಿನವರು ಬರೆದರು, ಎನ್ನುತ್ತಾರೆ.
ನಿಜವೋ ಸುಳ್ಳೋ.
ಕನ್ನಡಕ ಒರೆಸಿಕೊಳ್ಳುತ್ತಾರೆ.
ಕೊಯ್ದವನ ಹೆಸರು ಉಳಿಯಿತು.
ಮಲಗಿದ್ದವರದು ಒಂದೂ ಇಲ್ಲ.

ನಮ್ಮ ರಿಜಿಸ್ಟರಿನಲ್ಲೂ ನಂಬರೇ.
ಬಸ್ ಸ್ಟ್ಯಾಂಡ್ ಹಿಂದೆ, ಗಂಡಸು, ಸುಮಾರು ಅರವತ್ತು.

ಈ ವರ್ಷ ಏಳನೇ ಮೇಜು.
ಮುಖ ಗುರುತು ಸಿಗಲಿಲ್ಲ; ನಮ್ಮ ನೀರಿನಲ್ಲಿ
ಎಲ್ಲ ಮುಖವೂ ಒಂದೇ ಬಣ್ಣಕ್ಕೆ ತಿರುಗುತ್ತದೆ.
ಎಡಗೈ ನೋಡಿದೆ. ಎರಡು ಬೆರಳಿಲ್ಲ.
ಕಾರ್ಡಿಂಗ್ ಖಾತೆಯ ಮೈಲಾರಪ್ಪ.
ಅಪ್ಪನ ಪಕ್ಕದ ಮಿಷನ್ನು.
ಭೋಂಗಾ ಆದ ಮೇಲೆ ಗೇಟಿನ ಹೊರಗೆ
ನಮ್ಮ ಮೂಗಿನ ಮುಂದೆ ಕೈ ಹಿಡಿಯುತ್ತಿದ್ದ:
ಎಣಿಸ್ರೋ. ಎಂಟೇ ಐತಲ್ಲ ಮಾಮಾ?
ಹತ್ತೈತಲೇ, ಎರಡು ಇನ್ನೂ ಡ್ಯೂಟಿ ಮೇಲೆ ಅದಾವೆ.

ದಾನದ ಕಾಗದಕ್ಕೆ ತಾನೇ ರುಜು ಹಾಕಿದ್ದನಂತೆ.
ಮಗಳು ಫೋನಿನಲ್ಲಿ ಹೇಳಿದಳು:
ಮಣ್ಣಾಗಿ ಏನ್ ಮಾಡ್ಲಿ,
ಹಾಲೇಶನ ಹತ್ರಾನೇ ಇರ್ತೀನಿ ಅಂದಿದ್ದ.

ಎದೆ ತೆರೆದ ದಿನ ಹತ್ತಿಯ ಧೂಳು ಹುಡುಕಿದೆ,
ಬಿಳಿಯಾಗಿ ಇರಬಹುದೆಂದು.
ಹಾಗೆಲ್ಲ ಕಾಣುವುದಿಲ್ಲ, ಎಂದರು ಮೇಡಂ.

ಹೊಟ್ಟೆಯ ಸರದಿ ಬಂದಾಗ
ಹರಪನಹಳ್ಳಿ ಕಡೆಯ ಒಂದು ಹುಡುಗಿ,
ಮೊದಲ ದಿನ ವಾಂತಿ ಮಾಡಿದ್ದವಳೇ,
ಗ್ಲೌಸಿನ ಬೆರಳು ಒತ್ತೊತ್ತಾಗಿ ಇಟ್ಟು
ಬಾಯಲ್ಲೇ ಎಣಿಸಿದಳು. ಹತ್ತು. ಹನ್ನೊಂದು.
ಸರಿಯಾಗಿ ಹನ್ನೆರಡು ಮೇಡಂ!

ನಗು ಬಂತು. ಕೆಮ್ಮಿದ ಹಾಗೆ ಮಾಡಿ ಹೊರಗೆ ಬಂದೆ.
ಎಂಟು ತೋರಿಸಿಕೊಂಡು ಓಡಾಡಿದವನು
ಒಳಗೆ ಹನ್ನೆರಡು ಇಟ್ಟುಕೊಂಡಿದ್ದ, ಕಳ್ಳ.
ಬೇವಿನ ಬುಡದಲ್ಲಿ ಸ್ವಲ್ಪ ಹೊತ್ತು ಕೂತೆ.
ನನಗೆ ಯಾರೂ ನೀರು ತಂದುಕೊಡಲಿಲ್ಲ,
ಒಳ್ಳೆಯದೇ ಆಯಿತು.

ಸಂಜೆ ಬೀಗ ಹಾಕುವ ಮುಂಚೆ
ರಿಜಿಸ್ಟರಿನ ಏಳನೇ ಸಾಲಿನಲ್ಲಿ
ಪೆನ್ಸಿಲ್ಲಿನಿಂದ ಬರೆದೆ:
ಮೈಲಾರಪ್ಪ, ಕಾರ್ಡಿಂಗ್ ಖಾತೆ.
ಹೆಸರು ಬರೆಯುವಂತಿಲ್ಲ, ಗೊತ್ತು.
ಯಾರಾದರೂ ಕೇಳಿದರೆ ಅಳಿಸಬೇಕು.
ರಬ್ಬರು ನನ್ನ ಡ್ರಾಯರಿನಲ್ಲೇ ಇದೆ.